ಲಿವರ್ ಎಷ್ಟು ಕೆಟ್ಟಿದೆ, ಅನ್ನನಾಳದ ನರ ಉಬ್ಬಿದೆಯಾ: ಫೈಲು ಮುಂದಿಟ್ಟುಕೊಂಡು ತಿಳಿಯುವುದು ಹೇಗೆ

ನಮ್ಮ ಭಾವ ಕುಡಿಯುವವರಲ್ಲ. ಬೀಡಿ ಕೂಡ ಮುಟ್ಟಿದವರಲ್ಲ. ಪಾಂಡವಪುರದ ಕಡೆ ಕಬ್ಬು, ಭತ್ತ ಬೆಳೆದುಕೊಂಡು ಇದ್ದವರು. ಅವರಿಗೆ ಲಿವರ್ ತೊಂದರೆ ಇರಬಹುದು ಅಂತ ಮನೆಯಲ್ಲಿ ಯಾರಿಗೂ ಹೊಳೆಯಲೇ ಇಲ್ಲ. ಒಂದು ವಾರ ಮಲ ಕಪ್ಪಗೆ ಹೋಯಿತು. ರಾಗಿ ಮುದ್ದೆ ತಿನ್ನುವವರಿಗೆ ಅದೆಲ್ಲ ಇದ್ದದ್ದೇ ಅಂತ ಸುಮ್ಮನಾದರು. ಎಂಟನೇ ದಿನ ಬೆಳಗಿನ ಜಾವ ಬಚ್ಚಲಿನಲ್ಲಿ ರಕ್ತ ವಾಂತಿ ಮಾಡಿಕೊಂಡು ಕುಸಿದು ಕೂತಿದ್ದರು.

ಅವರು ಬದುಕಿಕೊಂಡರು. ಆದರೆ ಆಸ್ಪತ್ರೆಯಲ್ಲಿ ಡಾಕ್ಟರು ಹಳೆಯ ರಿಪೋರ್ಟ್ ಎಲ್ಲ ತನ್ನಿ ಅಂದಾಗ, ಬೀರುವಿನಿಂದ ತೆಗೆದು ಒಂದೊಂದಾಗಿ ನೋಡಿದರೆ, ಮೂರು ವರ್ಷದಿಂದ ಪ್ಲೇಟ್ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ಕಡಿಮೆಯಾಗಿ 90 ಸಾವಿರದ ಆಸುಪಾಸಿನಲ್ಲೇ ಇತ್ತು, ಒಂದು ಸ್ಕ್ಯಾನಿಂಗಿನಲ್ಲಿ ಗುಲ್ಮ, ಅಂದರೆ ಸ್ಪ್ಲೀನ್, ದೊಡ್ಡದಾಗಿದೆ ಅಂತ ಸ್ಪಷ್ಟವಾಗಿ ಬರೆದಿತ್ತು. ಆಗ ತೋರಿಸಿದ ಕ್ಲಿನಿಕ್ಕಿನಲ್ಲಿ ಯಾರೂ ಅದರ ಬಗ್ಗೆ ಒಂದು ಮಾತು ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಭಾವನ ಜೊತೆ ಎರಡು ವರ್ಷ ಮಂಡ್ಯ, ಮೈಸೂರು ಅಂತ ಓಡಾಡಿ, ಡಾಕ್ಟರುಗಳನ್ನು ಕೇಳಿ ಕೇಳಿ ಕಲಿತದ್ದು ಇದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಸಿರೋಸಿಸ್, ಅಂದರೆ ಲಿವರ್ ನಾರುಗಟ್ಟುವ ಕಾಯಿಲೆ, ಅಂತ ಹೇಳಿದ್ದರೆ, ರಕ್ತ ಬೀಳುವ ಮುಂಚೆಯೇ ಏನು ನೋಡಬೇಕು, ಏನು ಕೇಳಬೇಕು ಅನ್ನುವುದಷ್ಟೇ ಇಲ್ಲಿದೆ. ಮುಂಚೆ ಅನ್ನುವ ಆ ಒಂದು ಮಾತನ್ನು ಮಾತ್ರ ಮರೆಯಬೇಡಿ.

ನರ ಉಬ್ಬುವುದು ಯಾಕೆ

ನಮ್ಮ ಕಡೆ ರಕ್ತನಾಳಕ್ಕೂ ನರ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಡಾಕ್ಟರು ವೇರಿಸಸ್ ಅಂದರೆ ಅದು ಈ ಉಬ್ಬಿದ ನರಗಳೇ.

ಕರುಳಿನಿಂದ, ಗುಲ್ಮದಿಂದ ಬರುವ ರಕ್ತವೆಲ್ಲ ಪೋರ್ಟಲ್ ವೇನ್ ಅನ್ನುವ ಒಂದು ದೊಡ್ಡ ನಾಳದಲ್ಲಿ ಸೇರಿ ಲಿವರಿಗೆ ಹೋಗುತ್ತದೆ. ಲಿವರಿಗೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಈ ದಾರಿಯಲ್ಲೇ ಬರುವುದು. ಇದನ್ನು ನಮ್ಮ ಮಂಡ್ಯದ ಗದ್ದೆಗಳಿಗೆ ನೀರು ತರುವ ವಿ.ಸಿ. ನಾಲೆ ಅಂದುಕೊಳ್ಳಿ. ಲಿವರ್ ಅನ್ನುವುದು ನೀರು ಹಾಯಬೇಕಾದ ಗದ್ದೆ ಬಯಲು. ಸಿರೋಸಿಸ್ ಬಂದಾಗ ಲಿವರಿನ ಒಳಗೆಲ್ಲ ಗಾಯದ ಕಲೆಯ ಹಾಗೆ ಗಟ್ಟಿ ನಾರು ಬೆಳೆಯುತ್ತದೆ. ಗದ್ದೆಯ ಕಾಲುವೆಗಳಲ್ಲಿ ಹೂಳು ತುಂಬಿಕೊಂಡ ಹಾಗೆ. ಮೇಲಿನಿಂದ ನೀರು ಬರುವುದು ನಿಲ್ಲುವುದಿಲ್ಲ, ಮುಂದಕ್ಕೆ ಹೋಗಲು ಜಾಗವಿಲ್ಲ. ಆಗ ನೀರು ಹಿಂದಕ್ಕೆ ಒತ್ತುತ್ತದೆ, ಸಿಕ್ಕ ಸಿಕ್ಕ ಸಣ್ಣ ಕಾಲುವೆಗೆ ನುಗ್ಗುತ್ತದೆ.

ಹಾಗೆ ನುಗ್ಗುವ ಸಣ್ಣ ದಾರಿಗಳಲ್ಲಿ ಒಂದು, ಅನ್ನನಾಳದ ಕೆಳತುದಿಯ ನರಗಳು. ಅವು ತೆಳು ನರಗಳು. ಇಷ್ಟು ರಕ್ತ ಹೊರುವುದಕ್ಕೆ ಆದವಲ್ಲ. ಒತ್ತಡ ಜಾಸ್ತಿಯಾದ ಹಾಗೆ ಉಬ್ಬುತ್ತವೆ, ಗೋಡೆ ತೆಳುವಾಗುತ್ತದೆ, ಒಂದು ದಿನ ಬದು ಒಡೆದ ಹಾಗೆ ಒಡೆಯುತ್ತವೆ. ಇತ್ತ ಗುಲ್ಮವೂ ರಕ್ತ ತುಂಬಿಕೊಂಡು ದೊಡ್ಡದಾಗುತ್ತದೆ. ದೊಡ್ಡದಾದ ಗುಲ್ಮ ಪ್ಲೇಟ್ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಭಾವನ ಪ್ಲೇಟ್ಲೆಟ್ ಮೂರು ವರ್ಷ ಕೆಳಗಿದ್ದದ್ದು ಇದೇ ಕಾರಣಕ್ಕೆ. ಡೆಂಗ್ಯೂ ಬಂದಾಗ ಮಾತ್ರ ನಾವು ಪ್ಲೇಟ್ಲೆಟ್ ನೋಡುತ್ತೇವೆ, ಅಲ್ವಾ?

ಈ ಒತ್ತಡವನ್ನು ಅಳೆಯುವ ಪರೀಕ್ಷೆಯೂ ಇದೆ. ಸಾಮಾನ್ಯವಾಗಿ ಅದು 1ರಿಂದ 5 ಮಿಲಿಮೀಟರ್ ಪಾದರಸ ಇರಬೇಕು. 10 ದಾಟಿದರೆ ನರ ಉಬ್ಬಲು ಶುರುವಾಗುತ್ತದೆ, 12 ದಾಟಿದರೆ ಒಡೆಯುವ ಅಪಾಯ. ಕುತ್ತಿಗೆಯ ನರದಿಂದ ತೂರಿಸಿ ಅಳೆಯುವ ಪರೀಕ್ಷೆ ಅದು, ಎಲ್ಲ ಕಡೆ ಮಾಡುವುದಿಲ್ಲ, ಎಲ್ಲರಿಗೂ ಬೇಕಾಗುವುದೂ ಇಲ್ಲ. ಆದ್ದರಿಂದ ಬೇರೆ ದಾರಿಯಲ್ಲಿ ಅಂದಾಜು ಮಾಡುತ್ತಾರೆ.

ಮೊದಲ ಕೆಲಸ: ದರ್ಜೆ ಲೆಕ್ಕ ಹಾಕಿ

ಲಿವರ್ ಎಷ್ಟು ಕೆಟ್ಟಿದೆ ಅಂತ ಹೇಳಲು ಡಾಕ್ಟರುಗಳು ಚೈಲ್ಡ್-ಪ್ಯೂ ಅಂತ ಒಂದು ಅಂಕ ಬಳಸುತ್ತಾರೆ. ಹೆಸರಿನಲ್ಲಿ ಚೈಲ್ಡ್ ಅಂತ ಇದ್ದರೂ ಮಕ್ಕಳಿಗೆ ಸಂಬಂಧವಿಲ್ಲ, ಅದು ಒಬ್ಬ ಸರ್ಜನ್ನರ ಹೆಸರು. 1964ರಲ್ಲಿ ಚೈಲ್ಡ್ ಮತ್ತು ಟರ್ಕಾಟ್ ಇದನ್ನು ಮಾಡಿದ್ದು. 1973ರಲ್ಲಿ ಲಂಡನ್ನಿನಲ್ಲಿ ಪ್ಯೂ ಮತ್ತು ಅವರ ಜೊತೆಯವರು ಅದನ್ನು ತಿದ್ದಿದರು. ಅವರು ತಿದ್ದಿದ್ದು ಯಾವ ರೋಗಿಗಳಿಗಾಗಿ ಗೊತ್ತಾ? ಅನ್ನನಾಳದ ನರ ಒಡೆದು ರಕ್ತ ಸುರಿಯುತ್ತಿದ್ದವರಿಗಾಗಿ, ಯಾರು ಆಪರೇಷನ್ ತಡೆದುಕೊಳ್ಳುತ್ತಾರೆ ಅಂತ ನೋಡುವುದಕ್ಕೆ. ಲಿವರಿನ ದರ್ಜೆಗೂ ಈ ನರಗಳಿಗೂ ಹುಟ್ಟಿನಿಂದಲೇ ನಂಟಿದೆ.

ಇದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಒಂದು ಪೇಪರು, ಪೆನ್ನು, ಇತ್ತೀಚಿನ ಲ್ಯಾಬ್ ರಿಪೋರ್ಟ್ ಸಾಕು. ಐದು ವಿಷಯ, ಒಂದೊಂದಕ್ಕೆ 1ರಿಂದ 3 ಅಂಕ.

ಬಿಲಿರುಬಿನ್: ಕಾಮಾಲೆಯಲ್ಲಿ ಏರುವ ಹಳದಿ ಪದಾರ್ಥ. ಟೋಟಲ್ ಅಂತ ಇರುವುದನ್ನು ನೋಡಿ. 2ಕ್ಕಿಂತ ಕಡಿಮೆ ಇದ್ದರೆ 1 ಅಂಕ, 2ರಿಂದ 3 ಇದ್ದರೆ 2, ಅದಕ್ಕಿಂತ ಜಾಸ್ತಿ ಇದ್ದರೆ 3.

ಆಲ್ಬುಮಿನ್: ಲಿವರ್ ಮಾಡುವ ಒಂದು ಪ್ರೋಟೀನ್, ಇದು ಕಡಿಮೆಯಾದಷ್ಟೂ ಕೆಟ್ಟದ್ದು. 3.5ಕ್ಕಿಂತ ಮೇಲಿದ್ದರೆ 1, 2.8ರಿಂದ 3.5 ಇದ್ದರೆ 2, 2.8ಕ್ಕಿಂತ ಕೆಳಗಿದ್ದರೆ 3.

ಐಎನ್ಆರ್: ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅನ್ನುವ ಪರೀಕ್ಷೆ, ರಿಪೋರ್ಟಿನಲ್ಲಿ ಪ್ರೋಥ್ರಾಂಬಿನ್ ಟೈಮ್ ಜೊತೆ ಇರುತ್ತದೆ. 1.7ಕ್ಕಿಂತ ಕಡಿಮೆ 1, 1.7ರಿಂದ 2.3 ತನಕ 2, ಅದರ ಮೇಲೆ 3. ಸಾಮಾನ್ಯ ಲಿವರ್ ಟೆಸ್ಟಿನಲ್ಲಿ ಇದು ಬರುವುದಿಲ್ಲ, ಬೇರೆ ಬರೆಸಬೇಕು. ಬಹಳ ಜನರ ಫೈಲಿನಲ್ಲಿ ಇದೇ ಇರುವುದಿಲ್ಲ.

ಹೊಟ್ಟೆಯಲ್ಲಿ ನೀರು: ಇಲ್ಲದಿದ್ದರೆ 1, ಸ್ವಲ್ಪ ಇದ್ದರೆ 2, ಜಾಸ್ತಿ ಇದ್ದರೆ 3. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಅಸೈಟಿಸ್ ಅಂತ ಬರೆದಿರುತ್ತಾರೆ.

ಐದನೆಯದು ಯಾವ ಲ್ಯಾಬಿನಲ್ಲೂ ಸಿಗುವುದಿಲ್ಲ, ಮನೆಯವರೇ ನೋಡಿ ಹೇಳಬೇಕು. ಲಿವರ್ ಸೋತಾಗ ಕೆಟ್ಟ ಪದಾರ್ಥಗಳು ರಕ್ತದಲ್ಲಿ ಉಳಿದು ಮಿದುಳು ಮಂಕಾಗುತ್ತದೆ. ಏನೂ ಇಲ್ಲದಿದ್ದರೆ 1 ಅಂಕ, ಸ್ವಲ್ಪ ಮಂಕು ಇದ್ದರೆ 2, ಎಬ್ಬಿಸಿದರೂ ಸರಿಯಾಗಿ ಏಳದಷ್ಟು ಇದ್ದರೆ 3. ಶುರುವಿನಲ್ಲಿ ಇದು ತುಂಬಾ ಸಣ್ಣದಾಗಿ ಬರುತ್ತದೆ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ. ಸಹಿ ಸೊಟ್ಟ ಆಗುವುದು. ಡೇರಿಗೆ ಹಾಕಿದ ಹಾಲಿನ ಲೆಕ್ಕ ತಪ್ಪುವುದು. ಸುಮ್ ಸುಮ್ನೆ ಸಿಟ್ಟು. ವಯಸ್ಸಾಯಿತು ಅಂತ ನಾವು ಬಿಟ್ಟುಬಿಡುತ್ತೇವೆ. ನಮ್ಮ ಅಕ್ಕ ಒಂದು ನೋಟ್‌ಬುಕ್ಕಿನಲ್ಲಿ ಭಾವನ ಹತ್ತಿರ ದಿನಾ ಸಹಿ ಹಾಕಿಸುತ್ತಿದ್ದರು. ಹದಿನೈದು ದಿನದ ಸಹಿ ಒಂದೇ ಪುಟದಲ್ಲಿ ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ, ಡಾಕ್ಟರೂ ಅದನ್ನು ಕೇಳಿ ನೋಡುತ್ತಿದ್ದರು.

ಈಗ ಕೂಡಿಸಿ. 5 ಅಥವಾ 6 ಬಂದರೆ ಎ ದರ್ಜೆ. 7ರಿಂದ 9 ಬಿ. 10ರಿಂದ 15 ಸಿ. ಭಾವನ ಲೆಕ್ಕ ಹೀಗಿತ್ತು: ಬಿಲಿರುಬಿನ್ 2.4, ಅದಕ್ಕೆ 2. ಆಲ್ಬುಮಿನ್ 3.0, ಅದಕ್ಕೆ 2. ಐಎನ್ಆರ್ 1.5, ಅದಕ್ಕೆ 1. ಹೊಟ್ಟೆಯಲ್ಲಿ ಸ್ವಲ್ಪ ನೀರು, 2. ಮಂಕು ಇರಲಿಲ್ಲ, 1. ಒಟ್ಟು 8, ಬಿ ದರ್ಜೆ.

ಇನ್ನೊಂದು ಅಂಕ ಮೆಲ್ಡ್ ಅಂತ ಇದೆ. ಬಿಲಿರುಬಿನ್, ಐಎನ್ಆರ್, ಕಿಡ್ನಿಯ ಕ್ರಿಯಾಟಿನಿನ್ ಸೇರಿಸಿ 6ರಿಂದ 40ರ ತನಕ ಬರುತ್ತದೆ, ಈಗ ಸೋಡಿಯಮ್ಮನ್ನೂ ಸೇರಿಸುತ್ತಾರೆ. ಕೈಯಲ್ಲಿ ಲೆಕ್ಕ ಹಾಕುವುದು ಕಷ್ಟ, ಡಾಕ್ಟರ ಹತ್ತಿರ ಕೇಳಿ ಬರೆದುಕೊಳ್ಳಿ. 15 ದಾಟಿದರೆ ಲಿವರ್ ಕಸಿಯ ಬಗ್ಗೆ ಒಮ್ಮೆ ಮಾತಾಡಲು ಹೊತ್ತಾಯಿತು ಅಂತ ತಿಳಿಯಬೇಕು.

ದರ್ಜೆ ಎ ಬಂದರೆ ನರ ಇಲ್ಲ ಅಂತಲ್ಲ

ಇಲ್ಲಿ ಬಹಳ ಜನ ಎಡವುತ್ತಾರೆ. ಸಿರೋಸಿಸ್ ಇರುವವರಲ್ಲಿ ಸುಮಾರು ಅರ್ಧ ಜನಕ್ಕೆ ಅನ್ನನಾಳದ ನರ ಉಬ್ಬಿರುತ್ತದೆ. ಸಿ ದರ್ಜೆಯಲ್ಲಿ ಸುಮಾರು 85 ಶೇಕಡಾ. ಆದರೆ ಎ ದರ್ಜೆಯಲ್ಲೂ ಸುಮಾರು 40 ಶೇಕಡಾ ಜನಕ್ಕೆ ಇರುತ್ತದೆ. ಅಂದರೆ ಗದ್ದೆ ಕೆಲಸ ಮಾಡಿಕೊಂಡು, ಚೆನ್ನಾಗಿ ಊಟ ಮಾಡಿಕೊಂಡು, ಕಣ್ಣು ಹಳದಿ ಇಲ್ಲದೆ, ಕಾಲು ಊದದೆ ಇರುವ ಐದು ಜನರಲ್ಲಿ ಇಬ್ಬರಿಗೆ ಒಳಗೆ ನರ ಉಬ್ಬಿರಬಹುದು. ಉಬ್ಬಿದ ನರ ನೋಯುವುದಿಲ್ಲ. ನುಂಗಲು ಕಷ್ಟ ಆಗುವುದಿಲ್ಲ. ಎದೆ ಉರಿ ಕೂಡ ಅದರಿಂದ ಬರುವುದಿಲ್ಲ. ಒಡೆಯುವ ತನಕ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ.

ಒಮ್ಮೆ ಒಡೆದರೆ, ಈಗಿನ ಒಳ್ಳೆಯ ಚಿಕಿತ್ಸೆ ಸಿಕ್ಕರೂ ಆರು ವಾರದೊಳಗೆ 100ರಲ್ಲಿ 15ರಿಂದ 20 ಜನ ಉಳಿಯುವುದಿಲ್ಲ. ಉಳಿಯದವರಲ್ಲಿ ಸಿ ದರ್ಜೆಯವರೇ ಜಾಸ್ತಿ. ಹೆದರಿಸಲು ಹೇಳುತ್ತಿಲ್ಲ. ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಅನ್ನನಾಳ ನೋಡುವ ಎಂಡೋಸ್ಕೋಪಿ ಪರೀಕ್ಷೆಯನ್ನು, ಯಾಕೆ ಈಗ, ಆಮೇಲೆ ನೋಡೋಣ ಅಂತ ಮುಂದೂಡುವವರು ಈ ಲೆಕ್ಕ ತಿಳಿದಿರಲಿ ಅಂತ.

ಹಾಗಾದರೆ ಎಲ್ಲರಿಗೂ ಎಂಡೋಸ್ಕೋಪಿ ಬೇಕಾ? ಬೇಡ. ಇಟಲಿಯ ಬವೇನೊ ಅನ್ನುವ ಊರಿನ ಹೆಸರಿನಲ್ಲಿ ಈ ವಿಷಯದ ತಜ್ಞರು 1990ರಿಂದ ಆಗಾಗ ಸೇರಿ ನಿಯಮ ಮಾಡುತ್ತಾರೆ. 2015ರಲ್ಲಿ ಅವರು ಹೇಳಿದ್ದು ಸರಳವಾಗಿದೆ: ಫೈಬ್ರೋಸ್ಕ್ಯಾನ್ ಅಂಕ 20 ಕಿಲೋಪಾಸ್ಕಲ್‌ಗಿಂತ ಕಡಿಮೆ ಇದ್ದು, ಪ್ಲೇಟ್ಲೆಟ್ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಇದ್ದರೆ, ಅಪಾಯದ ನರ ಇರುವ ಸಾಧ್ಯತೆ ತುಂಬಾ ಕಡಿಮೆ, ಸದ್ಯಕ್ಕೆ ಎಂಡೋಸ್ಕೋಪಿ ಬಿಡಬಹುದು, ವರ್ಷಕ್ಕೊಮ್ಮೆ ಇವೆರಡನ್ನು ಮತ್ತೆ ನೋಡಿದರೆ ಸಾಕು. ಎರಡೂ ಕೂಡಬೇಕು, ಒಂದು ಇದ್ದರೆ ಸಾಲದು. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ, ಹಿಂದೆ ರಕ್ತ ಬಿದ್ದವರಿಗೆ ಈ ವಿನಾಯಿತಿ ಇಲ್ಲ.

ಫೈಬ್ರೋಸ್ಕ್ಯಾನ್ ಅಂದರೆ ಪಕ್ಕೆಲುಬಿನ ಮೇಲೆ ಒಂದು ಕಡ್ಡಿಯಂಥದ್ದನ್ನು ಇಟ್ಟು ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವುದು. ನೋವಿಲ್ಲ, ಹತ್ತು ನಿಮಿಷದ ಕೆಲಸ. ಮೂರು ಗಂಟೆ ಏನೂ ತಿನ್ನದೆ ಹೋಗಬೇಕು, ತಿಂದು ಹೋದರೆ ಅಂಕ ಸುಳ್ಳಾಗಿ ಏರುತ್ತದೆ. 25 ಅಥವಾ ಅದಕ್ಕಿಂತ ಮೇಲೆ ಬಂದರೆ ಒತ್ತಡ ಏರಿದೆ ಅಂತಲೇ ತಿಳಿಯುತ್ತಾರೆ.

ಫೈಬ್ರೋಸ್ಕ್ಯಾನ್ ಹತ್ತಿರದಲ್ಲಿ ಸಿಗದಿದ್ದರೆ, ನೀವು ಮಾಡಬೇಕಾದ್ದು ಇಷ್ಟು. ಹಳೆಯ ಬ್ಲಡ್ ರಿಪೋರ್ಟ್ ಎಲ್ಲ ತೆಗೆದು ತಾರೀಖಿನ ಪ್ರಕಾರ ಪ್ಲೇಟ್ಲೆಟ್ ಒಂದನ್ನೇ ಒಂದು ಹಾಳೆಯಲ್ಲಿ ಬರೆಯಿರಿ. ಸ್ಕ್ಯಾನಿಂಗಿನಲ್ಲಿ ಗುಲ್ಮದ ಉದ್ದ ಎಷ್ಟು ಅಂತ ಪಕ್ಕದಲ್ಲಿ ಬರೆಯಿರಿ, ಅದಕ್ಕೆ ಸ್ಪ್ಲೀನ್ ಅಂತ ಹಾಕಿರುತ್ತಾರೆ. ಪ್ಲೇಟ್ಲೆಟ್ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಇದ್ದರೆ, ಗುಲ್ಮ ಬೆಳೆಯುತ್ತಾ ಇದ್ದರೆ, ಆ ಹಾಳೆ ಹಿಡಿದುಕೊಂಡು ಹೋಗಿ ಗ್ಯಾಸ್ಟ್ರೋ ಡಾಕ್ಟರನ್ನು ನೇರವಾಗಿ ಕೇಳಿ: ಸರ್, ಎಂಡೋಸ್ಕೋಪಿ ಮಾಡಿಸಬೇಕಾ? ಭಾವನ ವಿಷಯದಲ್ಲಿ ಈ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಎಂಡೋಸ್ಕೋಪಿ, ಅದರ ರಿಪೋರ್ಟ್

ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದು. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆಯುತ್ತಾರೆ. ಐದು ಹತ್ತು ನಿಮಿಷ, ಒಂದೆರಡು ಸಲ ಓಕರಿಕೆ ಬಂದ ಹಾಗೆ ಆಗುತ್ತದೆ, ಅಷ್ಟೇ. ಕಟ್ಟಿಸಿದ ಹಲ್ಲು ಇದ್ದರೆ ತೆಗೆಯಬೇಕು. ರಕ್ತ ತೆಳು ಮಾಡುವ ಮಾತ್ರೆ, ಶುಗರ್ ಮಾತ್ರೆ ಏನಿದ್ದರೂ ಮೊದಲೇ ಹೇಳಿ.

ರಿಪೋರ್ಟಿನಲ್ಲಿ ಎರಡು ವಿಷಯ ಹುಡುಕಿ. ಒಂದು, ನರದ ಗಾತ್ರ. ಸಣ್ಣದು ಅಥವಾ ದೊಡ್ಡದು ಅಂತ ಇರುತ್ತದೆ, ಕೆಲವರು ಗ್ರೇಡ್ 1, 2, 3 ಅಂತ ಬರೆಯುತ್ತಾರೆ. 5 ಮಿಲಿಮೀಟರ್ ದಾಟಿದರೆ ದೊಡ್ಡದು. ಎರಡು, ಕೆಂಪು ಗುರುತು, ರಿಪೋರ್ಟಿನಲ್ಲಿ ರೆಡ್ ವೇಲ್ ಅಥವಾ ರೆಡ್ ಕಲರ್ ಸೈನ್ ಅಂತ ಇರುತ್ತದೆ. ನರದ ಗೋಡೆ ಅಲ್ಲಿ ಒಡೆಯುವಷ್ಟು ತೆಳುವಾಗಿದೆ ಅಂತ ಅರ್ಥ. ಜಠರದಲ್ಲಿ ನರ ಇದ್ದರೆ ಅದನ್ನೂ ಬರೆದಿರುತ್ತಾರೆ. ಜಠರದ ನರಗಳನ್ನು ವಿಂಗಡಿಸುವ ಕ್ರಮ ನಮ್ಮ ದೇಶದ ಡಾಕ್ಟರ್ ಶಿವ ಕುಮಾರ್ ಸರಿನ್ ಅವರದ್ದೇ, 1992ರದ್ದು. ಪ್ರಪಂಚದ ಎಲ್ಲ ಕಡೆ ಅದನ್ನೇ ಬಳಸುತ್ತಾರೆ ಅಂತ ಕೇಳಿದಾಗ ನನಗೆ ಹೆಮ್ಮೆ ಅನಿಸಿತು.

ಈಗ ದರ್ಜೆಯೂ ನರವೂ ಒಟ್ಟಿಗೆ ಸೇರುವ ಜಾಗ. ದೊಡ್ಡ ನರ ಇದ್ದರೆ ದರ್ಜೆ ಯಾವುದೇ ಇರಲಿ, ತಡೆಯುವ ಚಿಕಿತ್ಸೆ ಬೇಕು. ಸಣ್ಣ ನರ, ಆದರೆ ಕೆಂಪು ಗುರುತು ಇದೆ, ಆಗಲೂ ಬೇಕು. ಸಣ್ಣ ನರ, ಕೆಂಪು ಗುರುತು ಇಲ್ಲ, ಆದರೆ ದರ್ಜೆ ಸಿ, ಆಗಲೂ ಬೇಕು. ಒಂದೇ ಗಾತ್ರದ ನರ ಎ ದರ್ಜೆಯವರಲ್ಲಿ ಸುಮ್ಮನೆ ಇರಬಹುದು, ಸಿ ದರ್ಜೆಯವರಲ್ಲಿ ಒಡೆಯಬಹುದು. ಗಾತ್ರ, ಕೆಂಪು ಗುರುತು, ದರ್ಜೆ, ಈ ಮೂರನ್ನು ಫೈಲಿನ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಡಿ.

ನರವೇ ಇಲ್ಲ ಅಂತ ಬಂದರೆ ಖುಷಿ ಪಡಿ, ಆದರೆ ಫೈಲು ಮುಚ್ಚಿಡಬೇಡಿ. ಕಾರಣ ಹತೋಟಿಯಲ್ಲಿದ್ದರೆ, ಅಂದರೆ ಕುಡಿತ ಬಿಟ್ಟಿದ್ದರೆ, ಹೆಪಟೈಟಿಸ್ ವೈರಸ್ ಚಿಕಿತ್ಸೆಯಿಂದ ತಗ್ಗಿದ್ದರೆ, ಮೂರು ವರ್ಷಕ್ಕೆ ಮತ್ತೆ ನೋಡುತ್ತಾರೆ. ಇಲ್ಲದಿದ್ದರೆ ಎರಡು ವರ್ಷಕ್ಕೆ. ಸಣ್ಣ ನರ ಇದ್ದವರಿಗೆ ಒಂದರಿಂದ ಎರಡು ವರ್ಷಕ್ಕೆ. ಹೊಟ್ಟೆಯಲ್ಲಿ ನೀರು ಬಂದರೆ, ಕಾಮಾಲೆ ಕಂಡರೆ, ಕಾಯದೆ ಆಗಲೇ.

ಮಾತ್ರೆ ಮತ್ತು ಬ್ಯಾಂಡು

ಒಡೆಯದ ಹಾಗೆ ತಡೆಯಲು ಎರಡು ದಾರಿ. ಒಂದು ಮಾತ್ರೆ: ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್. ಇವು ಬಿಪಿ ಮಾತ್ರೆ ಅಲ್ವಾ, ನಮ್ಮವರಿಗೆ ಬಿಪಿ ಇಲ್ಲವಲ್ಲ ಅಂತ ನಿಲ್ಲಿಸಿಬಿಡುವವರನ್ನು ನಾನೇ ನೋಡಿದ್ದೇನೆ. ದಯವಿಟ್ಟು ನಿಲ್ಲಿಸಬೇಡಿ. ನಾಲೆಗೆ ಬರುವ ನೀರನ್ನು ತೂಬಿನಲ್ಲೇ ಕಡಿಮೆ ಮಾಡಿದ ಹಾಗೆ, ಈ ಮಾತ್ರೆ ಪೋರ್ಟಲ್ ವೇನಿಗೆ ಬರುವ ರಕ್ತದ ಒತ್ತಡ ಇಳಿಸುತ್ತದೆ. ಸಡನ್ನಾಗಿ ನಿಲ್ಲಿಸಿದರೆ ಒತ್ತಡ ಮತ್ತೆ ಏರುತ್ತದೆ. ಮನೆಯಲ್ಲಿ ನಾಡಿ ಎಣಿಸಿ, ಬಿಪಿ ನೋಡಿ, ಬರೆದಿಡಿ. ನಾಡಿ ನಿಮಿಷಕ್ಕೆ 55ರಿಂದ 60ರ ಹತ್ತಿರ ಬರುವ ಹಾಗೆ ಪ್ರೊಪ್ರನೊಲಾಲ್ ಹೊಂದಿಸುತ್ತಾರೆ. ಬಿಪಿಯ ಮೇಲಿನ ಅಂಕ 90ಕ್ಕಿಂತ ಕೆಳಗೆ ಹೋದರೆ, ಎದ್ದಾಗ ತಲೆ ಸುತ್ತಿದರೆ, ಉಬ್ಬಸ ಇದ್ದರೆ ಡಾಕ್ಟರಿಗೆ ಹೇಳಲೇಬೇಕು.

ಇನ್ನೊಂದು ಬ್ಯಾಂಡಿಂಗ್. ಎಂಡೋಸ್ಕೋಪಿಯಲ್ಲೇ ಉಬ್ಬಿದ ನರಕ್ಕೆ ಸಣ್ಣ ರಬ್ಬರ್ ಬ್ಯಾಂಡ್ ಹಾಕಿ ಬಿಗಿಯುತ್ತಾರೆ. ಆ ಭಾಗ ಒಣಗಿ ಉದುರುತ್ತದೆ, ಅಲ್ಲಿ ಒಂದು ಸಣ್ಣ ಹುಣ್ಣಾಗುತ್ತದೆ, ಆಮೇಲೆ ಮಾಯುತ್ತದೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹೋಗಿ ನರ ಪೂರ್ತಿ ಮುಚ್ಚುವ ತನಕ ಮಾಡಿಸಬೇಕು. ಮೊದಲ ಸಲ ಆರಾಮಾಯಿತು ಅಂತ ಎರಡನೇ ಸಲಕ್ಕೆ ಹೋಗದವರು ಬಹಳ. ಭಾವನಿಗೆ ನಾಲ್ಕು ಸಲ ಆಯಿತು. ಕಬ್ಬು ಕಡಿಯುವ ಕಾಲದಲ್ಲಿ ಒಂದು ತಾರೀಖು ತಪ್ಪಿಸಲು ನೋಡಿದರು, ಅಕ್ಕ ಬಿಡಲಿಲ್ಲ.

ಬ್ಯಾಂಡ್ ಹಾಕಿದ ಮೇಲೆ ಒಂದೆರಡು ದಿನ ಎದೆ ನೋವು ಇರಬಹುದು. ಬ್ಯಾಂಡ್ ಉದುರುವುದು ಸುಮಾರು ಒಂದರಿಂದ ಎರಡು ವಾರದೊಳಗೆ, ಆ ಹುಣ್ಣಿನಿಂದ ರಕ್ತ ಬರುವ ಅಪಾಯ ಆಗ ಇರುತ್ತದೆ. ಆ ದಿನಗಳಲ್ಲಿ ಊರಿನಿಂದ ದೂರ ಹೋಗಬೇಡಿ.

ಎಲ್ಲರೂ ಕೇಳುವ ಪ್ರಶ್ನೆ: ಮುದ್ದೆ ನುಂಗಿದರೆ ನರ ಒಡೆಯುತ್ತಾ? ನಾನು ಕೇಳಿದ ಡಾಕ್ಟರು ಹೇಳಿದ್ದು, ಒಡೆಯುವುದು ಒಳಗಿನ ಒತ್ತಡದಿಂದ, ಊಟ ತಾಗಿ ಅಲ್ಲ. ಬ್ಯಾಂಡ್ ಹಾಕಿದ ಮೊದಲ ದಿನ ತಣ್ಣಗಿನ ನೀರಾದ ಪದಾರ್ಥ, ಆಮೇಲೆ ಕೆಲವು ದಿನ ಮೆತ್ತಗಿನ ಅನ್ನ, ಗಂಜಿ, ಮೊಸರು. ಆಮೇಲೆ ಮುದ್ದೆ ತಿನ್ನಬಹುದು, ಮೊದಮೊದಲು ಸಣ್ಣ ತುತ್ತು, ಮೆತ್ತಗೆ ತಿರುವಿದ್ದು.

ರಕ್ತ ಬಿದ್ದರೆ

ಇದನ್ನು ಮನೆಯ ಎಲ್ಲರೂ ಓದಬೇಕು, ಮಕ್ಕಳೂ ಸೇರಿ.

ಮೊದಲು ಗುರುತಿಸುವುದು. ವಾಂತಿಯಲ್ಲಿ ಕೆಂಪು ರಕ್ತ, ಇಲ್ಲವೇ ಕಾಫಿ ಗಸಿಯ ಹಾಗೆ ಕಂದು ಚೂರು. ಮಲ ಡಾಂಬರಿನ ಹಾಗೆ ಕಪ್ಪಗೆ, ಹೊಳಪಾಗಿ, ಜಿಗುಟಾಗಿ, ನೀರು ಹಾಕಿದರೂ ಅಂಟಿಕೊಂಡಿರುತ್ತದೆ, ವಾಸನೆ ಬೇರೆಯೇ ಕೆಟ್ಟದಾಗಿರುತ್ತದೆ. ರಾಗಿ ತಿಂದಾಗ ಬಣ್ಣ ಕಡುವಾಗುವುದು ನಿಜ, ಐರನ್ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಆದರೆ ಆ ಜಿಗುಟು, ಆ ವಾಸನೆ ಇರುವುದಿಲ್ಲ. ಅನುಮಾನ ಬಂದರೆ ರಕ್ತವೇ ಅಂದುಕೊಂಡು ಹೊರಡಿ. ಜೊತೆಗೆ ತಲೆ ಸುತ್ತು, ತಣ್ಣನೆ ಬೆವರು, ನಾಡಿ ಜೋರು ಇದ್ದರೆ ಒಂದು ನಿಮಿಷವೂ ಕಾಯಬೇಡಿ.

108ಕ್ಕೆ ಫೋನ್ ಮಾಡಿ. ಎಡಗಡೆಗೆ ವಾಲಿಸಿ ಮಲಗಿಸಿ, ವಾಂತಿ ಶ್ವಾಸಕ್ಕೆ ಹೋಗಬಾರದು. ಬಾಯಿಗೆ ನೀರು, ಎಳನೀರು, ಮಜ್ಜಿಗೆ ಏನೂ ಬೇಡ. ಊರಿನ ಕ್ಲಿನಿಕ್ಕಿನಲ್ಲಿ ಒಂದು ಸೂಜಿ ಹಾಕಿಸಿಕೊಂಡು ಹೋಗೋಣ ಅಂತ ಹೊತ್ತು ಕಳೆಯಬೇಡಿ.

ಎಲ್ಲಿಗೆ ಹೋಗಬೇಕು ಅನ್ನುವುದನ್ನು ಆ ರಾತ್ರಿ ಯೋಚಿಸಬಾರದು, ಇವತ್ತೇ ತೀರ್ಮಾನ ಮಾಡಿ. ಮಂಡ್ಯದಲ್ಲಿ ಮಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜೆಎಸ್ಎಸ್ ಆಸ್ಪತ್ರೆ, ಇನ್ನೂ ಕೆಲವು ದೊಡ್ಡ ಖಾಸಗಿ ಆಸ್ಪತ್ರೆಗಳಿವೆ. ನಿಮಗೆ ಹತ್ತಿರದ್ದಕ್ಕೆ ಹಗಲು ಹೊತ್ತಿನಲ್ಲಿ ಒಮ್ಮೆ ಹೋಗಿ ಕೇಳಿ: ರಾತ್ರಿ ಹೊತ್ತು, ಭಾನುವಾರ, ಹಬ್ಬದ ದಿನ ರಕ್ತ ವಾಂತಿಗೆ ಎಂಡೋಸ್ಕೋಪಿ ಮಾಡುತ್ತೀರಾ, ಬ್ಯಾಂಡ್ ಹಾಕುತ್ತೀರಾ, ಬ್ಲಡ್ ಬ್ಯಾಂಕ್ ಇದೆಯಾ? ದಸರಾ ಸಮಯದಲ್ಲಿ ಮೈಸೂರಿನ ರಸ್ತೆಗಳು ಹೇಗಿರುತ್ತವೆ ಅಂತ ನಿಮಗೇ ಗೊತ್ತು, ಯಾವ ದಾರಿ ಅನ್ನುವುದನ್ನೂ ಯೋಚಿಸಿಡಿ. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್. ರೋಗಿ ತೀರಾ ಸೋತಿದ್ದರೆ ಮೊದಲು ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಗ್ಲೂಕೋಸ್, ಔಷಧಿ ಶುರು ಮಾಡಿಸಿ ಮುಂದಕ್ಕೆ ಹೋಗುವುದು ಒಳ್ಳೆಯದು.

ಬಾಗಿಲಿನಲ್ಲೇ ಹೇಳಬೇಕಾದ ಮಾತು: ಇವರಿಗೆ ಸಿರೋಸಿಸ್ ಇದೆ, ಅನ್ನನಾಳದ ನರ ಉಬ್ಬಿದೆ. ಬರೀ ರಕ್ತ ವಾಂತಿ ಅಂದರೆ ಅಲ್ಸರ್ ಅಂದುಕೊಳ್ಳಬಹುದು. ಸಿರೋಸಿಸ್ ಅಂತ ಗೊತ್ತಾದರೆ ಎಂಡೋಸ್ಕೋಪಿಗೆ ಕಾಯದೆ ಟೆರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೋಟೈಡ್ ಶುರು ಮಾಡುತ್ತಾರೆ, ಅದು ಒತ್ತಡ ಇಳಿಸುತ್ತದೆ. ಆ್ಯಂಟಿಬಯೋಟಿಕ್ ಸೂಜಿಯನ್ನೂ ಕೊಡುತ್ತಾರೆ, ಯಾಕೆಂದರೆ ರಕ್ತ ಬಿದ್ದ ಸಿರೋಸಿಸ್ ರೋಗಿಗೆ ಸೋಂಕು ಬೇಗ ಹತ್ತುತ್ತದೆ. 12 ಗಂಟೆಯೊಳಗೆ ಎಂಡೋಸ್ಕೋಪಿ ಆಗಬೇಕು.

ರಕ್ತ ಕೊಡುವ ವಿಷಯದಲ್ಲಿ ಒಂದು ಮಾತು. ನಾವು ಹತ್ತು ಜನ ಹುಡುಗರನ್ನು ಕರೆದುಕೊಂಡು ಹೋಗಿದ್ದೆವು, ಇನ್ನೂ ಹಾಕಿ ಸರ್ ಅಂತ ಗೋಗರೆಯುತ್ತಿದ್ದೆವು. ಡಾಕ್ಟರು ಎರಡು ಬಾಟಲಿಗೆ ನಿಲ್ಲಿಸಿದರು. ಜಿಪುಣತನ ಅನಿಸಿತು ಆಗ. ಆಮೇಲೆ ತಿಳಿಯಿತು, ಹಿಮೋಗ್ಲೋಬಿನ್ 7ರಿಂದ 8ರ ನಡುವೆ ಇದ್ದರೆ ಸಾಕು, ಅದಕ್ಕಿಂತ ಜಾಸ್ತಿ ತುಂಬಿದರೆ ಒತ್ತಡ ಏರಿ ಅದೇ ನರ ಮತ್ತೆ ಒಡೆಯಬಹುದು. 2013ರಲ್ಲಿ ಬಾರ್ಸಿಲೋನಾದ ಡಾಕ್ಟರುಗಳು ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರೆ.

ಸಿ ದರ್ಜೆಯವರಿಗೆ, ಇಲ್ಲವೇ ಬಿ ದರ್ಜೆಯಿದ್ದು ಎಂಡೋಸ್ಕೋಪಿ ವೇಳೆಯಲ್ಲೂ ರಕ್ತ ಹರಿಯುತ್ತಿದ್ದವರಿಗೆ, ಮೂರು ದಿನದೊಳಗೆ ಟಿಪ್ಸ್ ಅನ್ನುವ ಕೊಳವೆ ಹಾಕುವುದು ಜೀವ ಉಳಿಸಬಹುದು. ಅದು ಲಿವರಿನ ಒಳಗೇ ರಕ್ತಕ್ಕೆ ಒಂದು ಬೈಪಾಸ್ ದಾರಿ. ನಮ್ಮವರಿಗೆ ಅದು ಬೇಕಾ, ಬೇಕಾದರೆ ಎಲ್ಲಿ ಮಾಡುತ್ತಾರೆ ಅಂತ ಮೊದಲ ದಿನವೇ ಕೇಳಿ. ರಕ್ತ ನಿಂತು ಮನೆಗೆ ಬಂದವರು ಏನೂ ಮಾಡದಿದ್ದರೆ ಒಂದೆರಡು ವರ್ಷದಲ್ಲಿ 100ಕ್ಕೆ ಸುಮಾರು 60 ಜನಕ್ಕೆ ಮತ್ತೆ ರಕ್ತ ಬೀಳುತ್ತದೆ. ಅವರಿಗೆ ಮಾತ್ರೆ, ಬ್ಯಾಂಡ್ ಎರಡೂ ಬೇಕು.

ಮನೆಯಲ್ಲಿ

ಕೈಕಾಲು ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಯಾವುದೂ ಬೇಡ. ಮಾತ್ರೆಯೂ ಬೇಡ, ಸೂಜಿಯೂ ಬೇಡ. ಅವು ಕಿಡ್ನಿಗೂ ಕೆಟ್ಟದ್ದು, ರಕ್ತ ಬೀಳುವುದಕ್ಕೂ ದಾರಿ. ಮೆಡಿಕಲ್ ಸ್ಟೋರಿನಲ್ಲಿ ನೋವಿನ ಮಾತ್ರೆ ಅಂತ ಕೇಳಿದರೆ ಸಿಗುವುದು ಇವೇ. ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಒಳಗೆ, ಅದೂ ಡಾಕ್ಟರನ್ನು ಕೇಳಿ.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಅಷ್ಟರಲ್ಲಿ ಮುಗಿಯಬೇಕು. ಹೊಟ್ಟೆಯಲ್ಲಿ ನೀರಿದ್ದವರಿಗೆ ಇದು ಮುಖ್ಯ. ಉಪ್ಸಾರು ನಮ್ಮ ಮಂಡ್ಯದವರ ಜೀವ, ಬಿಡಿ ಅನ್ನಲು ನನಗೂ ಮನಸ್ಸಿಲ್ಲ, ಆದರೆ ಅವರಿಗೆ ಬೇರೆ ಪಾತ್ರೆಯಲ್ಲಿ ಉಪ್ಪು ಕಡಿಮೆ ಹಾಕಿ ಮಾಡಬಹುದು, ನಿಂಬೆಹಣ್ಣು, ಬೆಳ್ಳುಳ್ಳಿ, ಮೆಣಸು ಜಾಸ್ತಿ ಹಾಕಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮಾತ್ರ ಬೇಡವೇ ಬೇಡ.

ಪಥ್ಯದ ವಿಷಯದಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು, ಲಿವರ್ ಅಂದ ತಕ್ಷಣ ಮೊಟ್ಟೆ, ಬೇಳೆ, ಕೋಳಿ, ಮೀನು ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಡುವುದು. ಸಿರೋಸಿಸ್‌ನಲ್ಲಿ ಮೈಯ ಮಾಂಸ ಕರಗುತ್ತದೆ, ಕರಗಿದಷ್ಟೂ ಕಾಯಿಲೆ ಮುಂದೆ ಹೋಗುತ್ತದೆ. ಒಂದು ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 60 ಕೆಜಿ ಇದ್ದವರಿಗೆ 72ರಿಂದ 90 ಗ್ರಾಂ. ಹುರುಳಿ, ಅವರೆ, ಹೆಸರು, ಮೊಸರು, ಮೊಟ್ಟೆ, ಮೀನು ಎಲ್ಲ ಸೇರಿಸಿದರೂ ಮುಟ್ಟುವುದು ಕಷ್ಟ. ರಾತ್ರಿ ಮಲಗುವ ಮುಂಚೆ ಏನಾದರೂ ತಿನ್ನಬೇಕು, ಹಾಲು ಹಾಕಿದ ರಾಗಿ ಅಂಬಲಿ ಭಾವನಿಗೆ ಒಗ್ಗಿದೆ. ರಾತ್ರಿ ಉದ್ದಕ್ಕೂ ಖಾಲಿ ಹೊಟ್ಟೆ ಇವರಿಗೆ ಆಗುವುದಿಲ್ಲ.

ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವರು ನಮ್ಮ ಎಲ್ಲ ಹೋಬಳಿಯಲ್ಲೂ ಇದ್ದಾರೆ. ನಂಬಿಕೆಯಿಂದ ಕೊಡುತ್ತಾರೆ, ನಂಬಿಕೆಯಿಂದ ಕುಡಿಯುತ್ತೇವೆ. ಆದರೆ ಸಿರೋಸಿಸ್‌ನ ಕಾಮಾಲೆ ಬೇರೆ. ತಾನಾಗಿ ಹೋಗುವ ಕಾಮಾಲೆಗೆ ಕೊಟ್ಟು ಹೆಸರು ಬಂದ ಔಷಧಿ ಇಲ್ಲಿ ಕೆಲಸ ಮಾಡುವುದಿಲ್ಲ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಕೆಟ್ಟವರ ಬಗ್ಗೆ ನಮ್ಮ ದೇಶದ ಡಾಕ್ಟರುಗಳೇ ಬರೆದಿದ್ದಾರೆ.

ಕುಡಿಯುವವರು ಕುಡಿತ ಪೂರ್ತಿ ಬಿಟ್ಟರೆ ಒತ್ತಡ ಇಳಿಯುತ್ತದೆ, ದರ್ಜೆ ಸಿ ಇದ್ದದ್ದು ಬಿ ಆಗಬಹುದು, ಬಿ ಇದ್ದದ್ದು ಎ ಆಗಬಹುದು. ದಿನಾ ಜಾಸ್ತಿ ಕುಡಿಯುವವರು ಒಂದೇ ಸಲ ಮನೆಯಲ್ಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು, ಆದ್ದರಿಂದ ಡಾಕ್ಟರ ಕೈಕೆಳಗೆ ಬಿಡಿಸಿ. ಕುಡಿತ ಬಿಡಿಸುವ ಸಹಾಯವಾಣಿ 14446ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಬೇಕು, ಅದು ಲಿವರ್ ಕ್ಯಾನ್ಸರ್ ಬೇಗ ಹಿಡಿಯುವುದಕ್ಕೆ.

ಖರ್ಚು, ಮತ್ತೆ ಮನೆಯ ಉಳಿದವರು

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಎಮರ್ಜೆನ್ಸಿ ಬೇರೆ. ಕಾರ್ಡನ್ನು ಫೈಲಿನಲ್ಲೇ ಇಡಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ಗ್ಯಾಸ್ಟ್ರೋ ಮತ್ತು ಅಂಗಾಂಗ ಕಸಿ ಸಂಸ್ಥೆ ಇದೆ. ಕಸಿಗೆ ಹೆಸರು ಬರೆಸುವ ಹಂತ ಬಂದರೆ, ಆಸ್ಪತ್ರೆಯ ಮೂಲಕ ರಾಜ್ಯದಲ್ಲಿ ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆಯ ಪಟ್ಟಿಗೆ ಹೋಗುತ್ತದೆ.

ಭಾವನಿಗೆ ಲಿವರ್ ಕೆಟ್ಟದ್ದು ಹೆಪಟೈಟಿಸ್ ಬಿ ವೈರಸ್ಸಿನಿಂದ ಅಂತ ಕೊನೆಗೆ ಗೊತ್ತಾಯಿತು. ಬಹುಶಃ ಹುಟ್ಟುವಾಗಲೇ ತಾಯಿಯಿಂದ ಬಂದದ್ದು ಅಂದರು ಡಾಕ್ಟರು. ಹಾಗಾದರೆ ಒಡಹುಟ್ಟಿದವರಿಗೂ ಇರಬಹುದು ಅಲ್ವಾ? ನಾಲ್ಕು ಜನ ಅಣ್ಣತಮ್ಮಂದಿರು, ಒಬ್ಬ ತಂಗಿ, ಅಕ್ಕ, ಇಬ್ಬರು ಮಕ್ಕಳು, ಎಲ್ಲರ ರಕ್ತ ಪರೀಕ್ಷೆ ಮಾಡಿಸಿದೆವು. ಚಿಕ್ಕ ತಮ್ಮನಿಗೆ ಪಾಸಿಟಿವ್ ಬಂತು. ಉಳಿದವರಿಗೆ ಲಸಿಕೆ ಮೂರು ಸಲ ಹಾಕಿಸಿದೆವು. ಹೆಪಟೈಟಿಸ್ ಬಿ, ಸಿ ಎರಡಕ್ಕೂ ಪರೀಕ್ಷೆ ಮತ್ತು ಮಾತ್ರೆ 2018ರಿಂದ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿ ಉಚಿತ, ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ತಮ್ಮನ ಫೈಲಿನ ಮೊದಲ ಪುಟದಲ್ಲಿ ಈಗ ನಾನೇ ಬರೆದಿದ್ದೇನೆ: ಪ್ಲೇಟ್ಲೆಟ್ 1 ಲಕ್ಷ 82 ಸಾವಿರ, ಫೈಬ್ರೋಸ್ಕ್ಯಾನ್ 9, ದರ್ಜೆ ಎ, 5 ಅಂಕ. ಸದ್ಯಕ್ಕೆ ಎಂಡೋಸ್ಕೋಪಿ ಬೇಡ ಅಂದಿದ್ದಾರೆ. ಮುಂದಿನ ಪರೀಕ್ಷೆಯ ತಾರೀಖನ್ನು ಅವನ ಹೆಂಡತಿ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾಳೆ.